ನೀರು ಬಿದ್ದಲ್ಲೇ ಕಸ: ರಾಯಚೂರಿನ ಬಿಸಿಲಿನಲ್ಲಿ ಹಿತ್ತಲು ಮಾಡುವ ಬಗೆ

ಸಂಕ್ರಾಂತಿ ಮುಗಿದು ಎರಡು ವಾರ ಆಗಿರುವುದಿಲ್ಲ, ಮಧ್ಯಾಹ್ನದ ಬಿಸಿಲು ಆಗಲೇ ಬೆನ್ನಿಗೆ ತಾಗತೊಡಗುತ್ತದೆ. ಪಂಚಾಂಗದ ಪ್ರಕಾರ ವಸಂತ ಋತು ಚೈತ್ರ, ವೈಶಾಖದ ಎರಡು ತಿಂಗಳು. ಆ ಹೊತ್ತಿಗೆ ನಮ್ಮ ರಾಯಚೂರು, ಸಿಂಧನೂರು, ಮಾನ್ವಿ ಕಡೆ ಉಷ್ಣಾಂಶ 40 ಡಿಗ್ರಿ ಮುಟ್ಟಿರುತ್ತದೆ. ಹಾಗಾಗಿ ಯುಗಾದಿಗೆ ಬೀಜ ಹಾಕೋಣ ಅಂತ ಕಾಯುವುದು ನಮ್ಮಲ್ಲಿ ನಡೆಯುವುದಿಲ್ಲ. ಯುಗಾದಿ ಹೊತ್ತಿಗೆ ಗಿಡ ಬೇರಿಳಿಸಿ ನಿಂತಿರಬೇಕು, ಬಳ್ಳಿ ಚಪ್ಪರ ಹತ್ತಿರಬೇಕು.

ನಾನು ಸಿಂಧನೂರು ಕಡೆಯ ಎರೆ ಮಣ್ಣಿನ (ಕಪ್ಪು ಮಣ್ಣಿನ) ಹಿತ್ತಲಲ್ಲಿ ಹದಿನಾಲ್ಕು ವರ್ಷದಿಂದ ಕಾಯಿಪಲ್ಯ ಬೆಳೆಯುತ್ತಿದ್ದೇನೆ. ಜಾಗ ದೊಡ್ಡದಲ್ಲ, ಇಪ್ಪತ್ತು ಅಡಿಗೆ ಮೂವತ್ತು ಅಡಿ. ಪರಿಚಯದವರು ಬಂದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಬೆಂಡೆ ಬೀಜ ಹಾಕಿದರೆ ಕಸವೇ, ಅಂದರೆ ಕಳೆಯೇ, ಮೊದಲು ಮೇಲೆ ಬರುತ್ತದೆ, ಎಷ್ಟು ಕಿತ್ತರೂ ಮುಗಿಯುವುದಿಲ್ಲ, ಏನು ಮಾಡುವುದು? ಕೆಲವರು ಔಷಧದ ಬಾಟಲಿಯ ಫೋಟೊ ತೋರಿಸಿ ಇದನ್ನು ಹೊಡೆಯಲೇ ಅಂತಲೂ ಕೇಳುತ್ತಾರೆ. ಇಷ್ಟು ವರ್ಷದಲ್ಲಿ ನನಗೆ ಮನದಟ್ಟಾದ ಸಂಗತಿ ಹೇಳುತ್ತೇನೆ. ಫೆಬ್ರುವರಿಯಿಂದ ಮೇ ತನಕ ನಮ್ಮ ಸೀಮೆಯಲ್ಲಿ ಮಳೆ ಹೆಚ್ಚುಕಡಿಮೆ ಇಲ್ಲ. ಆಗ ಹುಟ್ಟುವ ಕಸವೆಲ್ಲ ನಾವು ಕೈಯಾರೆ ಹಾಕಿದ ನೀರಿನಿಂದ ಹುಟ್ಟಿದ್ದು. ನೀರು ಬಿದ್ದಲ್ಲಿ ಕಸ, ಬೀಳದ ಕಡೆ ಬರೀ ಬಿರುಕು ಬಿಟ್ಟ ನೆಲ. ಮಲೆನಾಡಿನವರಿಗೆ, ಬೆಂಗಳೂರಿನವರಿಗೆ ಈ ಅನುಕೂಲ ಇಲ್ಲ.

ಕಸದಲ್ಲಿ ಎರಡು ಜಾತಿ

ಮೊದಲು ಕೈಯಲ್ಲಿರುವ ಕಸ ಯಾವ ಬಗೆಯದು ಅಂತ ನೋಡಿಕೊಳ್ಳಬೇಕು. ಬೀಜದಿಂದ ಬರುವುದು ಒಂದು ಬಗೆ: ಮುಳ್ಳು ರಾಜಗಿರಿ, ಉತ್ತರಾಣಿ, ನೆಗ್ಗಿಲು, ಕಾಂಗ್ರೆಸ್ ಕಸ, ಗೋಳಿ. ನೆಲದೊಳಗಿನ ಗಡ್ಡೆಯಿಂದಲೋ ಕಾಂಡದಿಂದಲೋ ಬರುವುದು ಇನ್ನೊಂದು ಬಗೆ: ಜೇಕು ಮತ್ತು ಕರಿಕೆ. ಮೊದಲನೆಯದಕ್ಕೆ ಮಾಡುವ ಉಪಾಯವನ್ನು ಎರಡನೆಯದಕ್ಕೆ ಮಾಡಿದರೆ ಕಸ ಇನ್ನಷ್ಟು ಹೆಚ್ಚುತ್ತದೆ.

ಬೀಜದ ಕಸದ ಲೆಕ್ಕ ಸರಳ. ಮಣ್ಣಿನೊಳಗೆ ವರ್ಷಗಟ್ಟಲೆ ಉದುರಿದ ಬೀಜ ದಾಸ್ತಾನು ಕೂತಿರುತ್ತದೆ. ಅದರಲ್ಲಿ ಹೆಚ್ಚಿನವು ರಾಗಿ ಕಾಳಿಗಿಂತ ಸಣ್ಣವು. ಅಷ್ಟು ಸಣ್ಣ ಬೀಜದೊಳಗೆ ಮೊಳಕೆಗೆ ಬೇಕಾದ ಬುತ್ತಿ ಸ್ವಲ್ಪವೇ ಇರುವುದರಿಂದ ಮೇಲಿನ ಒಂದಿಂಚು ಮಣ್ಣಿನಲ್ಲಿದ್ದರೆ ಮಾತ್ರ ಅದು ಹೊರಗೆ ಬರಬಲ್ಲದು. ಎಷ್ಟೋ ಬೀಜಗಳಿಗೆ ಮೊಳೆಯಲು ಬೆಳಕು ಸೋಕುವುದೂ ಬೇಕು. ಮಣ್ಣನ್ನು ಪ್ರತಿ ಸಲ ಆಳವಾಗಿ ಅಗೆದಾಗ ಕೆಳಗೆ ಮಲಗಿದ್ದ ಬೀಜವನ್ನು ನಾವೇ ಎತ್ತಿ ಬೆಳಕಿಗೆ ತರುತ್ತೇವೆ. ಅಗೆದು ಹದ ಮಾಡಿದ ಹೊಸ ಮಡಿಯಲ್ಲಿ ಕಸ ಜಾಸ್ತಿ ಬರುವುದು ಇದಕ್ಕೇ.

ಇದಕ್ಕೆ ನಾನು ಮಾಡುವುದು ಹೀಗೆ. ಜನವರಿ ಕೊನೆಗೆ ಮಡಿ ಮಾಡಿ ಮುಗಿಸುತ್ತೇನೆ, ಗೊಬ್ಬರವನ್ನೂ ಸೇರಿಸುತ್ತೇನೆ, ಬೀಜ ಮಾತ್ರ ಹಾಕುವುದಿಲ್ಲ. ಬೀಜ ಹಾಕಿದ್ದೇನೆ ಅನ್ನುವ ಹಾಗೆಯೇ ನೀರು ಕೊಡುತ್ತೇನೆ. ಎಂಟು ಹತ್ತು ದಿನಕ್ಕೆ ನೆಲ ಹಸಿರು ಚುಕ್ಕಿಯಾಗುತ್ತದೆ. ಎರಡೆಲೆಯ ಆ ಕಸದ ಮೇಲೆ ಕುರ್ಚಿಗಿಯನ್ನು (ಕಳೆ ತೆಗೆಯುವ ಕೈಸಲಕರಣೆ) ಅಡ್ಡಲಾಗಿ, ಅರ್ಧ ಇಂಚು ಆಳಕ್ಕೆ ಮಾತ್ರ ಆಡಿಸುತ್ತೇನೆ. ಬೆಳಿಗ್ಗೆ ಹರಗಿದರೆ ಸಂಜೆಯೊಳಗೆ ಎಲ್ಲ ಬಾಡಿ ಬಿದ್ದಿರುತ್ತದೆ. ಪುರುಸೊತ್ತಿದ್ದರೆ ಇನ್ನೊಂದು ಸಲ ನೀರು, ಇನ್ನೊಂದು ಸಲ ಹರಗುವುದು. ಬಿತ್ತನೆ ಆಮೇಲೆ. ಬೀಜ ಊರುವ ಜಾಗದಲ್ಲಿ ಬೆರಳಿನಷ್ಟು ಕುಳಿ ಮಾಡಬೇಕೇ ಹೊರತು ಮಡಿಯನ್ನು ಮತ್ತೆ ಬುಡಮೇಲು ಮಾಡಬಾರದು. ಹತ್ತು ದಿನ ಕಾಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ನನಗೂ ಮೊದಮೊದಲು ಒಪ್ಪುತ್ತಿರಲಿಲ್ಲ. ಆದರೆ ಆ ಹತ್ತು ದಿನ ಮುಂದೆ ಒಂದೂವರೆ ತಿಂಗಳ ಸೊಂಟನೋವು ಉಳಿಸುತ್ತವೆ.

ಒಂದೂವರೆ ತಿಂಗಳು ಅಂದದ್ದಕ್ಕೂ ಕಾರಣ ಇದೆ. ಬೆಂಡೆ, ಚವಳಿ, ಮುಳಗಾಯಿಯಂಥ ಬೆಳೆಗೆ ಮೊದಲ 30ರಿಂದ 45 ದಿನ ಕಸದ ಕಾಟ ತಪ್ಪಿಸಿದರೆ ಸಾಕು. ಆಮೇಲೆ ಗಿಡದ ನೆರಳೇ ಕಸವನ್ನು ಅದುಮುತ್ತದೆ. ಉಳ್ಳಾಗಡ್ಡಿ ಹಾಗಲ್ಲ. ಅದರ ಎಲೆ ಸೂಜಿಯಂತೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಬೀಳುವುದೇ ಇಲ್ಲ, ಬೆಳವಣಿಗೆಯೂ ನಿಧಾನ. ಕಸ ತೆಗೆಯಲು ಆಗುವುದಿಲ್ಲ ಅನ್ನುವವರು ಹಿತ್ತಲಲ್ಲಿ ಉಳ್ಳಾಗಡ್ಡಿ ಹಾಕದಿರುವುದೇ ಒಳ್ಳೆಯದು.

ಜೇಕು

ಈಗ ನನ್ನನ್ನು ನಾಲ್ಕು ವರ್ಷ ಗೋಳಾಡಿಸಿದ ಕಸದ ವಿಷಯಕ್ಕೆ ಬರುತ್ತೇನೆ. ಮನೆ ಕಟ್ಟಿದ ಮೇಲೆ ಹಿತ್ತಲು ತಗ್ಗಾಗಿತ್ತು, ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಿದೆ. ಕಾಲುವೆ ಬದಿಯ ಗದ್ದೆಯ ಮಣ್ಣು, ಕಪ್ಪಗೆ, ಮೆತ್ತಗೆ, ನೋಡಲು ಚೆಂದ. ಮೊದಲ ನೀರು ಬಿಟ್ಟ ವಾರಕ್ಕೆ ಹಿತ್ತಲ ತುಂಬ ಹೊಳೆಯುವ ಹಸಿರು ಮೊನೆಗಳು ಎದ್ದವು. ಹುಲ್ಲು ಅಂತ ತಿಳಿದು ಕಿತ್ತೆ. ಹತ್ತು ದಿನಕ್ಕೆ ಎರಡು ಪಟ್ಟು ಬಂತು.

ಯಾಕೆ ಹಾಗಾಯಿತು ಅಂತ ತಿಳಿದದ್ದು ಒಂದು ಗಿಡದ ಸುತ್ತ ಗುದ್ದಲಿಯಿಂದ ಮೆಲ್ಲಗೆ ಅಗೆದು, ಮಣ್ಣನ್ನು ಬಕೆಟ್ ನೀರಿನಲ್ಲಿ ತೊಳೆದು ನೋಡಿದಾಗ. ಎಲೆಯ ಬುಡದಲ್ಲಿ ಕಡಲೆ ಗಾತ್ರದ ಒಂದು ಗಡ್ಡೆ. ಅದರಿಂದ ದಾರದಂಥ ಬೇರು ಹೊರಟು ಮೂರಿಂಚು ಆಚೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಒಂದು ಗಿಡ ಅಂದುಕೊಂಡದ್ದರ ಕೆಳಗೆ ಏಳು ಗಡ್ಡೆಗಳ ಸರ ಇತ್ತು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಬಿಳಿ ತಿರುಳು, ಘಮ್ಮನೆ ವಾಸನೆ. ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಅಂತ ಮಾರುವುದು ಇದನ್ನೇ. ಈ ಸರದಲ್ಲಿ ತುದಿಯ ಗಡ್ಡೆ ಚಿಗುರಿಕೊಂಡಿರುವ ತನಕ ಉಳಿದವು ಸುಮ್ಮನೆ ಮಲಗಿರುತ್ತವೆ, ಚಿಗುರಿದ ಗಡ್ಡೆಯೇ ಅವನ್ನು ತಡೆದಿಟ್ಟಿರುತ್ತದೆ. ನಾವು ಮೇಲಿನ ಹುಲ್ಲನ್ನು ಎಳೆದಾಗ ದಾರ ಹರಿಯುತ್ತದೆ. ತಡೆ ತಪ್ಪಿತಲ್ಲ, ಮಲಗಿದ್ದ ಗಡ್ಡೆಗಳೆಲ್ಲ ಒಂದೊಂದಾಗಿ ಏಳುತ್ತವೆ. ನಾನು ಕಿತ್ತದ್ದರಿಂದಲೇ ಅದು ಹೆಚ್ಚಿತ್ತು.

ಜಗತ್ತಿನ ಅತಿ ಕೆಟ್ಟ ಕಳೆ ಅಂತ ಕಳೆ ವಿಜ್ಞಾನಿಗಳು ಜೇಕನ್ನು ಮೊದಲ ಸಾಲಿನಲ್ಲಿ ಇಟ್ಟಿದ್ದಾರೆ. ಆದರೆ ಇದಕ್ಕೂ ಮೂರು ಬಲಹೀನತೆ ಇವೆ, ಮೂರೂ ನಮ್ಮ ಸೀಮೆಗೆ ಹೊಂದುವಂಥವು.

ಮೊದಲನೆಯದು ಒಣಗುವಿಕೆ. ಜೇಕಿನ ಗಡ್ಡೆ ಹಸಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಮಣ್ಣಿಂದ ಹೊರಗೆ ಬಿದ್ದು ಬಿಸಿಲಿಗೆ ಒಣಗಿದರೆ ಮಾತ್ರ ಬದುಕುವುದಿಲ್ಲ. ಎರೆ ಮಣ್ಣನ್ನು ಏಪ್ರಿಲ್‌ನಲ್ಲಿ, ಪೂರ್ತಿ ಒಣಗಿದ ಮೇಲೆ ಗುದ್ದಲಿ ಹಾಕಿ ಎಬ್ಬಿಸಿದರೆ ದೊಡ್ಡ ದೊಡ್ಡ ಹೆಂಟೆ ಏಳುತ್ತವೆ. ಆ ಹೆಂಟೆಗಳನ್ನು ಒಡೆಯದೆ, ಮಗುಚಿ, ಎರಡು ಮೂರು ವಾರ ಹಾಗೇ ಬಿಡಬೇಕು. ಹೆಂಟೆಯೊಳಗೆ ಸಿಕ್ಕಿಬಿದ್ದ ಗಡ್ಡೆ ಒಲೆಯಲ್ಲಿಟ್ಟ ಹಾಗೆ ಒಣಗುತ್ತದೆ. ಹಿಂದೆ ನಮ್ಮ ಕಡೆ ಎರೆ ಹೊಲದಲ್ಲಿ ಕರಿಕೆ ಹಬ್ಬಿದಾಗ ಆಳುಗಳು ಸಾಲಾಗಿ ನಿಂತು ಬೇಸಿಗೆಯಲ್ಲಿ ನೆಲ ಅಗೆದು ಹಾಕುತ್ತಿದ್ದದ್ದು ಇದೇ ಕಾರಣಕ್ಕೆ. ಈ ಮೂರು ವಾರ ಆ ಜಾಗಕ್ಕೆ ಒಂದು ತಂಬಿಗೆ ನೀರೂ ಬೀಳಬಾರದು. ಪಾತ್ರೆ ತೊಳೆದ ನೀರು ಆ ಕಡೆ ಹರಿಯುತ್ತಿದ್ದರೆ ಅದನ್ನು ಮೊದಲು ತಿರುಗಿಸಿ.

ಎರಡನೆಯದು ನೆರಳು. ಜೇಕು, ಕರಿಕೆ ಎರಡೂ ಜೋಳ, ಕಬ್ಬಿನ ಹಾಗೆ ಉರಿ ಬಿಸಿಲನ್ನು ಚೆನ್ನಾಗಿ ಬಳಸಿಕೊಳ್ಳುವ ಸಸ್ಯಗಳು, ನೆರಳು ಬಿದ್ದರೆ ಸೊರಗುತ್ತವೆ. ಜೇಕು ಹೆಚ್ಚಿದ್ದ ಮೂಲೆಗೆ ನಾನು ಎರಡು ವರ್ಷ ಕುಂಬಳ, ಅಲಸಂದಿ ಹಬ್ಬಿಸಿದೆ. ಬಳ್ಳಿ ನೆಲ ಮುಚ್ಚಿದ ಮೇಲೆ ಜೇಕು ಬಂದರೂ ಬಿಳಚಿಕೊಂಡು ಬರುತ್ತಿತ್ತು.

ಮೂರನೆಯದು ಸಮಯ. ಚಿಗುರು ಮೇಲೆ ಬಂದು ಸುಮಾರು ಮೂರು ವಾರಕ್ಕೆ ಅದು ಹೊಸ ಗಡ್ಡೆ ಕಟ್ಟಲು ಶುರು ಮಾಡುತ್ತದೆ. ಅದಕ್ಕಿಂತ ಮೊದಲು, ಎರಡು ವಾರಕ್ಕೊಮ್ಮೆ ತಪ್ಪದೆ, ಕುರ್ಚಿಗಿಯನ್ನು ಬುಡದ ಪಕ್ಕ ಆಳಕ್ಕೆ ಇಳಿಸಿ ಗಡ್ಡೆ ಸಮೇತ ಮೀಟಿ ತೆಗೆದರೆ ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತ ಬರುತ್ತದೆ. ಎಳೆಯಬಾರದು, ಮೀಟಬೇಕು. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಕಲ್ಲಿನ ಮೇಲೋ ತಗಡಿನ ಮೇಲೋ ಒಂದು ವಾರ ಒಣಗಿಸಿ ಬಿಸಾಡಬೇಕು. ಒಂದು ತಿಂಗಳು ಬಿಟ್ಟುಬಿಟ್ಟರೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೇವೆ. ನನಗೆ ನಾಲ್ಕು ವರ್ಷ ಹಿಡಿದದ್ದು ಅದಕ್ಕೇ.

ಕರಿಕೆಗೂ ಹೆಚ್ಚುಕಡಿಮೆ ಇದೇ ಮದ್ದು. ಅದರ ಪ್ರತಿ ಗೆಣ್ಣೂ ಒಂದು ಗಿಡ ಅನ್ನುವುದು ನೆನಪಿರಲಿ. ಹಸಿ ನೆಲದಲ್ಲಿ ಸಲಿಕೆಯಿಂದ ಕೊಚ್ಚಿದರೆ ಒಂದು ಹತ್ತಾಗುತ್ತದೆ.

ಉಪ್ಪು ಸುರಿಯಬೇಡಿ

ಈಚೆಗೆ ವಿಡಿಯೊ ನೋಡಿ ಉಪ್ಪು, ವಿನೆಗರ್, ಸೋಪಿನ ನೀರು ಕಲಸಿ ಕಳೆಗೆ ಹೊಡೆಯುವವರು ಹೆಚ್ಚಿದ್ದಾರೆ. ಇದನ್ನು ದಯವಿಟ್ಟು ಮಾಡಬೇಡಿ. ವಿನೆಗರ್ ಎಲೆಯನ್ನು ಸುಡುತ್ತದೆ, ಗಡ್ಡೆಗೆ ಏನೂ ಆಗುವುದಿಲ್ಲ. ಉಪ್ಪು ಮಾತ್ರ ನೆಲಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಮಳೆ ಜೋರಾಗಿ ಬೀಳುವ ದೇಶದಲ್ಲಿ ಅದು ತೊಳೆದು ಹೋದೀತು. ನಮ್ಮಲ್ಲಿ ಬಿಸಿಲು ನೀರನ್ನು ಮೇಲಕ್ಕೆ ಎಳೆಯುತ್ತದೆ, ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಜೇಡಿಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಆಮೇಲೆ ನೀರು ಹಾಕಿದರೆ ಇಂಗುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1950ರ ದಶಕದಲ್ಲಿ ನೀರು ಬಂದ ಮೇಲೆ ಒಂದು ಕಡೆ ಭತ್ತದ ಸಿರಿ ಬಂತು, ಇನ್ನೊಂದು ಕಡೆ ಕಾಲುವೆಯ ಕೊನೆಯ, ತಗ್ಗಿನ ಹೊಲಗಳು ಉಪ್ಪು ಕಟ್ಟಿ, ನೀರು ನಿಂತು ಸವಳು ಜವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು ನೆಲ ಸರಿಪಡಿಸುವುದರ ಮೇಲೆ ವರ್ಷಾನುಗಟ್ಟಲೆ ಕೆಲಸ ನಡೆದಿದೆ. ಹೊಲ ಉಳಿಸಲು ಅಷ್ಟು ಕಷ್ಟಪಡುತ್ತಿರುವಾಗ ಹಿತ್ತಲಿಗೆ ನಾವೇ ಉಪ್ಪು ಚೆಲ್ಲುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೋರ್‌ವೆಲ್ ನೀರು ಬಳಸುವವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಕಳೆನಾಶಕದ ಬಗ್ಗೆ ಎರಡೇ ಮಾತು. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದು ಹೇಗೂ ಇರಲಿ, ಮೆಂತ್ಯದ ಮಡಿ, ಮಕ್ಕಳು ಆಡುವ ಅಂಗಳ, ಕುಡಿಯುವ ನೀರಿನ ತೊಟ್ಟಿ ಎಲ್ಲ ಹತ್ತಡಿಯೊಳಗೆ ಇರುವ ಜಾಗದಲ್ಲಿ ಅದಕ್ಕೆ ಎಡೆಯಿಲ್ಲ. ಸಣ್ಣ ಗಾಳಿ ಬೀಸಿದರೂ ಸಿಂಪರಣೆಯ ಹನಿ ಟೊಮೆಟೊ ಎಲೆಗೆ ಕೂತು ಗಿಡವನ್ನೇ ಕೆಡಿಸುತ್ತದೆ.

ನೀರನ್ನು ಬೇರಿಗಷ್ಟೇ ಕೊಡುವುದು

ಮೊದಲು ಹೇಳಿದ ಮಾತಿಗೆ ಮರಳುತ್ತೇನೆ. ಪೈಪು ಹಿಡಿದು ಇಡೀ ಹಿತ್ತಲು ತೋಯಿಸಿದರೆ ಗಿಡಕ್ಕೆ ಸೇರುವುದು ಸ್ವಲ್ಪ, ಉಳಿದದ್ದೆಲ್ಲ ಕಸಕ್ಕೆ. ನಾನು ಮಡಕೆ ಹೂಳುವ ಪದ್ಧತಿಗೆ ಬಂದು ಆರು ವರ್ಷ ಆಯಿತು. ಕುಂಬಾರರ ಬಳಿ ಬಣ್ಣ ಬಳಿಯದ, ಐದಾರು ಲೀಟರ್ ಹಿಡಿಯುವ ಗಡಿಗೆ ತಂದು, ಕುತ್ತಿಗೆ ಮಾತ್ರ ಮೇಲೆ ಕಾಣುವಂತೆ ಹೂಳಬೇಕು. ಸುತ್ತ ಗೇಣು ದೂರದಲ್ಲಿ ನಾಲ್ಕು ಹೀರೆಯೋ ಸವತಿಯೋ ಬೀಜ ಹಾಕಬೇಕು. ಬೀಜ ಮೊಳೆಯುವ ತನಕ ಮಾತ್ರ ಮೇಲಿಂದ ನೀರು. ಆಮೇಲೆ ಗಡಿಗೆ ತುಂಬಿಸಿ ಬಾಯಿಗೆ ಮುಚ್ಚಳ ಇಟ್ಟರೆ ನೀರು ಗೋಡೆಯಿಂದ ಜಿನುಗುತ್ತದೆ, ಬೇರು ಬಂದು ಗಡಿಗೆಯನ್ನು ತಬ್ಬಿಕೊಳ್ಳುತ್ತದೆ. ಮೇಲಿನ ಎರಡಿಂಚು ಮಣ್ಣು ಒಣಗಿಯೇ ಇರುವುದರಿಂದ ಕಸದ ಬೀಜ ಮೊಳೆಯುವುದೇ ಇಲ್ಲ. ಗಡಿಗೆಯನ್ನು ಮೂರು ದಿನಕ್ಕೊಮ್ಮೆ ತುಂಬಿಸುತ್ತೇನೆ, ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ.

ಎರೆ ಮಣ್ಣಿನಲ್ಲಿ ಇದಕ್ಕೊಂದು ತೊಡಕಿದೆ. ಮಣ್ಣು ಒಣಗಿದಾಗ ಕುಗ್ಗಿ ಗಡಿಗೆಯಿಂದ ದೂರ ಸರಿಯುತ್ತದೆ, ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ, ಜಿನುಗಿದ ನೀರು ಮಣ್ಣಿಗೆ ದಾಟುವುದಿಲ್ಲ. ನನ್ನ ಮೊದಲ ನಾಲ್ಕು ಗಡಿಗೆ ಹೀಗೇ ವ್ಯರ್ಥವಾದವು. ಈಗ ಕುಳಿಯನ್ನು ಎರಡು ಗೇಣು ಅಗಲ ಹೆಚ್ಚಿಗೆ ತೋಡಿ, ಸುತ್ತ ಮಸಾರಿ ಮಣ್ಣು, ಮಾಗಿದ ಗೊಬ್ಬರ, ಸ್ವಲ್ಪ ಉಸುಕು ಬೆರೆಸಿ ತುಂಬುತ್ತೇನೆ. ಕೊಪ್ಪಳ, ಕುಷ್ಟಗಿ ಕಡೆಯ ಕೆಂಪು ಮಸಾರಿ ನೆಲದವರಿಗೆ ಈ ಕೆಲಸ ಬೇಕಾಗುವುದಿಲ್ಲ.

ಇನ್ನೊಂದು, ಹೊದಿಕೆ. ಶಿವರಾತ್ರಿಯ ಆಚೀಚೆ ಬೇವಿನ ಮರ ಎಲೆ ಉದುರಿಸುತ್ತದೆ, ನಮಗೆ ಹೊದಿಕೆ ಬೇಕಾಗುವುದೂ ಆಗಲೇ. ಆದರೆ ಬೆಳಗಾದರೆ ಓಣಿ ಓಣಿಯಲ್ಲಿ ಆ ಎಲೆ ಗುಡಿಸಿ ಬೆಂಕಿ ಹಚ್ಚುತ್ತಾರೆ. ನಾನು ಚೀಲ ಹಿಡಿದು ಹೋಗಿ ಕೇಳಿ ತರುತ್ತೇನೆ, ಯಾರೂ ಇಲ್ಲ ಅಂದಿಲ್ಲ. ಗಿಡದ ಸುತ್ತ ಮೂರು ನಾಲ್ಕು ಇಂಚು ದಪ್ಪ ಹರಡಿದರೆ ಬೆಳಕು ತಪ್ಪಿ ಕಸ ಏಳುವುದಿಲ್ಲ, ಎರೆ ಬಿರಿಯುವುದೂ ಕಡಿಮೆಯಾಗುತ್ತದೆ. ಬಿರುಕು ಬಿಟ್ಟರೆ ಆಳದ ತೇವವೂ ಆರಿಹೋಗುತ್ತದೆ, ಸಣ್ಣ ಬೇರುಗಳೂ ಹರಿಯುತ್ತವೆ. ಬೇವು ಸಿಗದವರಿಗೆ ಶೇಂಗಾ ಹೊಟ್ಟು ಆಗುತ್ತದೆ. ಭತ್ತದ ಹುಲ್ಲಂತೂ ಸಿಂಧನೂರು, ಗಂಗಾವತಿ ಕಡೆ ಬೇಕಾದಷ್ಟು ಸಿಗುತ್ತದೆ, ಅದರಲ್ಲಿ ಕಾಳು ಮತ್ತು ಗದ್ದೆಯ ಕಸದ ಬೀಜ ಸೇರಿರುತ್ತದೆ ಅಷ್ಟೇ. ಮೊದಲು ಒಂದು ಮೂಲೆಯಲ್ಲಿ ನೆನೆಸಿ, ಮೊಳಕೆ ಬಂದು ಒಣಗಿದ ಮೇಲೆ ಬಳಸಿ. ಯಾವ ಹೊದಿಕೆಯೇ ಆದರೂ ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಅದರ ಮರೆಯಲ್ಲಿ ಗೆದ್ದಲು ಬುಡಕ್ಕೆ ಬರುತ್ತದೆ.

ಗೊಬ್ಬರದ ವಿಷಯದಲ್ಲೂ ಎಚ್ಚರ ಬೇಕು. ದನದ ಹೊಟ್ಟೆ ದಾಟಿದರೂ ಎಷ್ಟೋ ಬೀಜ ಸಾಯುವುದಿಲ್ಲ. ತಿಪ್ಪೆಯನ್ನು ತೋಯಿಸಿ, ಮಗುಚಿ, ಒಳಗೆ ಕೈ ಇಡಲಾಗದಷ್ಟು ಕಾವು ಏರಿ ಇಳಿದಿದ್ದರೆ ಆ ಗೊಬ್ಬರ ನಂಬಬಹುದು. ಮೇಲೆ ಒಣಗಿ ಒಳಗೆ ಸಗಣಿ ವಾಸನೆ ಇರುವ ಗೊಬ್ಬರ ತಂದರೆ ಬೇರೆಯವರ ಹೊಲದ ಕಸವನ್ನು ದುಡ್ಡು ಕೊಟ್ಟು ತಂದ ಹಾಗೆ.

ಏನು ಹಾಕಬೇಕು, ಯಾವಾಗ

ಟೊಮೆಟೊ ಸಸಿ ಜನವರಿಯೊಳಗೆ ನೆಲಕ್ಕೆ ಇಳಿಯಬೇಕು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಲಸ ಮಾಡುವುದಿಲ್ಲ, ಹೂವು ಉದುರುತ್ತವೆ. ಮಾರ್ಚ್‌ನಲ್ಲಿ ನೆಟ್ಟು ಕಾಯಿ ಬರಲಿಲ್ಲ ಅಂತ ಗೊಬ್ಬರ ಸುರಿಯುವವರು ಇದನ್ನು ತಿಳಿದಿರಬೇಕು. ಬೆಂಡೆ, ಚವಳಿ, ಅಲಸಂದಿ, ಹೀರೆ, ಹಾಗಲ, ಸವತಿ, ಸೋರೆಗೆ ಫೆಬ್ರುವರಿ ಹದ. ಬೆಂಡೆ ಬೀಜಕ್ಕೆ ಬಿಸಿ ನೆಲವೇ ಬೇಕು, ಚಳಿ ಇರುವಾಗ ಊರಿದರೆ ಮಣ್ಣಲ್ಲೇ ಕೊಳೆಯುತ್ತದೆ. ಪುಂಡಿ, ರಾಜಗಿರಿ ಬೇಸಿಗೆ ಪೂರ್ತಿ ಬರುತ್ತವೆ. ಏಪ್ರಿಲ್‌ನಲ್ಲಿ ಹೀರೆ, ಸೋರೆಗೆ ಗಂಡು ಹೂವೇ ಹೆಚ್ಚು ಬಂದರೆ ಹೆದರಬೇಡಿ, ಸೆಕೆಗೆ ಹಾಗಾಗುತ್ತದೆ.

ಎಲ್ಲ ಕಸವನ್ನೂ ತೆಗೆಯಬೇಕಿಲ್ಲ. ಗೋಳಿ ಬಂದರೆ ನಾನು ಬಿಡುತ್ತೇನೆ, ಬೇಳೆ ಜೊತೆ ಪಲ್ಯ ಆಗುತ್ತದೆ. ಹಕ್ಕರಿಕೆ ಕಂಡರೆ ರೊಟ್ಟಿ ಜೊತೆ ಹಸಿಯಾಗಿಯೇ ಹೋಗುತ್ತದೆ. ಗೋಳಿಯನ್ನು ತೆಗೆಯಲೇಬೇಕಾದರೆ ಕಿತ್ತು ಮಡಿಯಲ್ಲೇ ಬಿಡಬಾರದು, ಅದರ ರಸ ತುಂಬಿದ ಕಾಂಡ ಹಸಿ ನೆಲ ಮುಟ್ಟಿದರೆ ಮತ್ತೆ ಬೇರು ಬಿಡುತ್ತದೆ.

ಕಾಂಗ್ರೆಸ್ ಕಸವನ್ನು ಮಾತ್ರ ಒಂದೂ ಬಿಡಬಾರದು. ನಮ್ಮ ದೇಶದಲ್ಲಿ ಇದು ಮೊದಲು ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಈಗ ಬಚ್ಚಲ ನೀರು ಹರಿಯುವ ಕಡೆಯಲ್ಲೆಲ್ಲ ಇದೆ. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಮೊಳೆತು ತಿಂಗಳು ಒಂದೂವರೆ ತಿಂಗಳಿಗೇ ಹೂವಾಡುತ್ತದೆ. ಮೆಕ್ಸಿಕೊ ಮೂಲದ ಒಂದು ಎಲೆ ತಿನ್ನುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಅದು ಚೆನ್ನಾಗಿ ತಿನ್ನುತ್ತದೆ, ನಮ್ಮ ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿರುತ್ತದೆ. ಹಾಗಾಗಿ ಈ ಕಾಲದಲ್ಲಿ ಕೈಯೇ ಗತಿ. ಹೂವು ಬರುವ ಮೊದಲು, ನೆಲ ಹಸಿ ಇದ್ದಾಗ, ಕೈಗೆ ಗವಸು ಹಾಕಿ ಬೇರು ಸಮೇತ ಕೀಳಬೇಕು. ಬರಿಗೈಯಲ್ಲಿ ಕಿತ್ತು ಮೈಯೆಲ್ಲ ತುರಿಕೆ ಎದ್ದು ತಿಂಗಳುಗಟ್ಟಲೆ ನರಳಿದವರನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಮೃಗಶಿರಕ್ಕೆ ಮೊದಲು

ಏಪ್ರಿಲ್ ಕೊನೆಗೆ ಬೆಂಡೆ ಮುಗಿದು ಖಾಲಿಯಾದ ಮಡಿ ಇದ್ದರೆ ಅದನ್ನು ಸುಮ್ಮನೆ ಬಿಡಬೇಡಿ. ಸಮ ಮಾಡಿ, ಹೆಂಟೆ ಒಡೆದು, ಆಳಕ್ಕೆ ಇಳಿಯುವಂತೆ ನೀರು ಬಿಟ್ಟು, ಮೇಲೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ಹಾಳೆ ಮಣ್ಣಿಗೆ ಅಂಟಿಕೊಂಡಿರಲಿ, ಒಳಗೆ ಗಾಳಿ ಆಡಬಾರದು. ನಾಲ್ಕರಿಂದ ಆರು ವಾರ ಹಾಗೇ ಬಿಟ್ಟರೆ ಮೇಲಿನ ಎರಡಿಂಚು ಮಣ್ಣು ಮಧ್ಯಾಹ್ನದಲ್ಲಿ 50 ಡಿಗ್ರಿ ದಾಟುತ್ತದೆ, ಹಸಿ ಮಣ್ಣಿನಲ್ಲಿ ಉಬ್ಬಿದ ಕಸದ ಬೀಜ ಬೇಯುತ್ತದೆ. ನೀರು ಬಿಡದೆ ಹಾಸಿದರೆ ಉಪಯೋಗ ಇಲ್ಲ, ಒಣ ಬೀಜ ಕಾವನ್ನು ತಡೆದುಕೊಳ್ಳುತ್ತದೆ.

ಕಪ್ಪು ಹಾಳೆ ಯಾಕೆ ಬೇಡ ಅಂತ ಕೇಳುತ್ತಾರೆ. ಕಪ್ಪು ಹಾಳೆಯಲ್ಲಿ ಕಾವು ಹಾಳೆಯಲ್ಲೇ ಉಳಿಯುತ್ತದೆ, ಮಣ್ಣಿಗೆ ಕಡಿಮೆ ಇಳಿಯುತ್ತದೆ. ಜೊತೆಗೆ ಜೇಕಿನ ಮೊಳಕೆ ಕತ್ತಲಲ್ಲಿ ಸೂಜಿಮೊನೆಯಾಗಿಯೇ ಬೆಳೆದು ಕಪ್ಪು ಹಾಳೆಯನ್ನು ತೂತು ಮಾಡಿ ಹೊರಗೆ ಬರುತ್ತದೆ. ಪಾರದರ್ಶಕ ಹಾಳೆಯ ಕೆಳಗೆ ಅದಕ್ಕೆ ಬೆಳಕು ಸಿಗುತ್ತದೆ, ಹೊರಗೆ ಬಂದೆ ಅಂತ ಎಲೆ ಬಿಚ್ಚುತ್ತದೆ, ಹಾಳೆ ತೂರಲಾಗದೆ ಅಲ್ಲೇ ಸುಡುತ್ತದೆ. ಆಳದ ಗಡ್ಡೆ ಇದರಿಂದ ಸಾಯುವುದಿಲ್ಲ, ಅದಕ್ಕೆ ಕುರ್ಚಿಗಿಯೇ ಬೇಕು.

ಮೇ ಕೊನೆಗೆ ರೋಹಿಣಿ ಮಳೆ ಕೂಡುವ ಹೊತ್ತಿಗೆ ಹಾಳೆ ಎತ್ತಿ ಮಡಚಿ ಇಡುತ್ತೇನೆ, ಮುಂದಿನ ವರ್ಷಕ್ಕೂ ಬರುತ್ತದೆ. ಮಡಿಯನ್ನು ಅಗೆಯುವುದಿಲ್ಲ, ಕೆಳಗಿನ ಬೀಜ ಮೇಲೆ ಬರಬಾರದು. ಜೂನ್‌ನಲ್ಲಿ ಮೃಗಶಿರ ಮಳೆ ಬಿದ್ದು ಐದನೆಯ ದಿನ ಹಿತ್ತಲಿಗೆ ಹೋದರೆ ಗೋಡೆ ಪಕ್ಕದ ನೆಲವೆಲ್ಲ ಹಸಿರು ಹೊದ್ದಿರುತ್ತದೆ, ಹಾಳೆ ಹಾಸಿದ್ದ ಮಡಿ ಕಪ್ಪಗೆ ಖಾಲಿ ಇರುತ್ತದೆ. ಅಲ್ಲಲ್ಲಿ ಎದ್ದ ಜೇಕಿನ ಮೊನೆ ಎಣಿಸುತ್ತೇನೆ. ಹೋದ ವರ್ಷ ಆ ಮಡಿಯಲ್ಲಿ ಹನ್ನೊಂದು ಇದ್ದವು. ಅವನ್ನು ಮೀಟಿ ತೆಗೆದು ತಗಡಿನ ಮೇಲೆ ಹರವಿ, ಅದೇ ಸಂಜೆ ಮೆಣಸಿನ ಸಸಿ ನೆಟ್ಟೆ.